ರನ್‌ವೇ ಮೇಲಿನ ಖಾಲಿ ಟಾಂಕಿ

ನಾನು ಚಿಕ್ಕವಳಿದ್ದಾಗ ನಮ್ಮ ಅಂಗಳ ಒಂದು ರನ್‌ವೇ ಆಗಿತ್ತು. ಕಾಂದಿವಲಿಯ ಆಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು ದಂಡೆಯಲ್ಲಿ, ನೌಕಾಪಡೆ ಮುಚ್ಚಿ ಬಿಟ್ಟುಹೋದ ವಿಮಾನ ನಿಲ್ದಾಣವದು. ಯಾಕೆ ಮುಚ್ಚಿತು ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು: ಯುದ್ಧ ಮುಗಿಯಿತು, ರನ್‌ವೇ ಉದ್ದ ಸಾಲದಾಯಿತು, ನೆಲ ಕುಸಿಯಿತು. ಪುರಾವೆ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ವಿಮಾನಗಳು ಹೋದ ಮೇಲೆ ಉಳಿದ ಕಬ್ಬಿಣ ಒಡೆಯಲು ವಿಜಯಪುರ ಕಡೆಯ ನಮ್ಮಂಥವರು ಬಂದರು. ಅಪ್ಪ ಉರಿಯಿಂದ ಕಬ್ಬಿಣ ಕತ್ತರಿಸುವ ಗ್ಯಾಸ್ ಕಟರ್ ಹಿಡಿಯುತ್ತಿದ್ದರು. ಒಡೆದದ್ದು ಧಾರಾವಿಯ ಗುಜರಿಗೆ ಹೋಗುತ್ತಿತ್ತು. ಹಳೆಯ ಎಣ್ಣೆ ಟಾಂಕಿ ಕತ್ತರಿಸುವ ಮೊದಲು ಅದರ ತುಂಬ ನೀರು ಸುರಿದು, ಒಳಗಿನ ಎಣ್ಣೆಯ ಹಬೆಯನ್ನು ಹೊರದೂಡಬೇಕು, ಇಲ್ಲದಿದ್ದರೆ ಕಿಡಿ ತಾಗಿ ಸಿಡಿಯುತ್ತದೆ. ಆ ಕೆಲಸದವರೆಲ್ಲ ಪಾಲಿಸುತ್ತಿದ್ದ ಕಟ್ಟಳೆ ಅದು.

ಒಂದು ಮಧ್ಯಾಹ್ನ ನೆಲದೊಳಗಿಂದ ದೊಡ್ಡ ಟಾಂಕಿಯೊಂದನ್ನು ಎಳೆದು ತಂದರು. ಅವತ್ತು ನೀರಿನ ಟ್ಯಾಂಕರ್ ಬಂದಿರಲಿಲ್ಲ. ಕೆಲಸ ಮಾಡಿಸುವ ಮುಕಾದಮ ಟಾಂಕಿಗೆ ಸುತ್ತಿಗೆಯಿಂದ ಬಡಿದ. ಅದು ಗಂಟೆಯಂತೆ ಮೊಳಗಿತು.

"ಖಾಲಿ ಐತಿ, ಹಚ್ಚು," ಎಂದ ಅಪ್ಪನಿಗೆ.

"ಖಾಲಿ ಇದ್ರ ಈ ವಾಸನಿ ಯಾರದು, ನಿಮ್ದಾ?" ಎಂದಳು ನನ್ನ ಪಕ್ಕ ನಿಂತಿದ್ದ ಅಕ್ಕ.

"ನಿನ್ನ ಮಗಳಿಗೆ ಬಾಯಿ ಭಾಳ ಆತು. ನೀ ಹಚ್ಚಲಿಲ್ಲಂದ್ರ ನಾಳಿಂದ ಬರಬ್ಯಾಡ."

ಅಪ್ಪ ಕಟರ್ ಎತ್ತಿಕೊಂಡರು. ಅಕ್ಕ ಟಾಂಕಿಯ ಮೇಲೆ ಹತ್ತಿ ಕೂತಳು. "ಮೊದ್ಲ ನನ್ನ ಕತ್ತರಸು, ಅಪ್ಪಾ."

ಮುಕಾದಮ ಅವಳ ಜಡೆ ಹಿಡಿದು ಎಳೆದ. ಹಣೆ ಕಬ್ಬಿಣದ ಅಂಚಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಅಪ್ಪ ಕಟರ್ ಬಿಸಾಕಿ ಅವನ ಮುಖಕ್ಕೆ ಗುದ್ದಿದರು. ಕಾದ ಸಿಮೆಂಟಿನ ಮೇಲೆ ಇಬ್ಬರೂ ಉರುಳಾಡಿದರು. ಕೊನೆಗೆ ಅಪ್ಪ ಅಕ್ಕನನ್ನು ಎತ್ತಿಕೊಂಡು, ನನ್ನ ಕೈ ಜಗ್ಗುತ್ತ, ವಿಮಾನ ನಿಲ್ಲಿಸುತ್ತಿದ್ದ ಶೆಡ್ಡಿನ ಗೋಡೆಯ ಹಿಂದೆ ನಡೆದರು.

"ಹೇಡಿ ನನ್ಮಗನ," ಎಂದು ಬೈದು ಮುಕಾದಮ ಕಟರ್ ಎತ್ತಿಕೊಂಡು ತಾನೇ ಕಡ್ಡಿ ಗೀರಿದ.

ಸದ್ದು ಮೊದಲು ಬಡಿದದ್ದು ನನ್ನ ಹೊಟ್ಟೆಗೆ. ಟಾಂಕಿಯ ತಳ ಗೋಡೆ ದಾಟಿ ಹಾರಿ ಖಾಡಿಯ ಕೆಸರಲ್ಲಿ ನಾಟಿಕೊಂಡಿತು. ಇಣುಕಿದರೆ ಮುಕಾದಮನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅವನು ಕೊಟ್ಟ ಏಟಿನ ರಕ್ತ ಅಪ್ಪನ ತುಟಿಯ ಮೇಲೆ ಇನ್ನೂ ಒಣಗಿರಲಿಲ್ಲ. ಅದೇ ಅಪ್ಪ ತಮ್ಮ ಟವೆಲಿನಿಂದ ಆ ಕೈ ಬಿಗಿದು, ಅವನನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಓಡಿದರು. ಅವನು ಬದುಕಿದ.

ಮಕ್ಕಳೇ, ಆ ರನ್‌ವೇ ಮೇಲೆಯೇ ಇವತ್ತು ನಾನು ಕೆಲಸಕ್ಕೆ ಬರುವ ನಿಮ್ಮ ಬಿಲ್ಡಿಂಗ್ ನಿಂತಿದೆ. ಅವತ್ತು ಟಾಂಕಿಗೆ ಸಿಗದ ನೀರು ನಿಮ್ಮ ಈಜುಕೊಳದಲ್ಲಿ ತುಳುಕುತ್ತದೆ. ಎದುರುತ್ತರ ಕೊಡಬೇಡಿ ಅಂತ ನಿಮ್ಮ ಅಮ್ಮ ನಿಮ್ಮನ್ನು ಗದರಿದಾಗ ನಾನು ಅವರ ಮಾತಿಗೆ ಹೂಂಗುಡುವುದಿಲ್ಲ, ನೋಡಿದ್ದೀರಲ್ಲ? ಶಾಲೆಯಲ್ಲಿ ವಾದ ಗೆದ್ದರೆ ನಿಮಗೆ ಕಪ್ ಸಿಗುತ್ತದೆ. ಅಕ್ಕನಿಗೆ ಹಣೆಯ ಮೇಲೊಂದು ಗಾಯ ಸಿಕ್ಕಿತು. ಅಪ್ಪನೂ ಜೀವಂತ ಸಿಕ್ಕರು.