ಎನ್ನ ಸೊನ್ನೆ?

ಮೊನ್ನೆ ಹಲಸೂರು ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದ ಹೂವಿನವಳು ಗಂಡನತ್ತ ತಿರುಗಿ "ಎನ್ನ ಸೊನ್ನೆ?" ಎಂದು ಗುಡುಗಿದಳು. 'ಏನಂದೆ?' ಅಂತ ತಮಿಳಿನಲ್ಲಿ ಕೇಳಿದ್ದು, ಅಷ್ಟೇ. ಆ ಪುಣ್ಯಾತ್ಮ ಹಲ್ಲು ಕಿರಿದ. ಇಲ್ಲಿ ನನ್ನ ಎದೆ ಧಸಕ್ಕೆಂದಿತು. ಈ ವಯಸ್ಸಿನಲ್ಲಿ ನಿಮಗೇನು ಭಯ ಅಂತ ನೀವು ಕೇಳಬಹುದು. ಲೆಕ್ಕದ ಭಯ ಸ್ವಾಮಿ, ಲೆಕ್ಕದ ಭಯ!

ಅರವತ್ತರ ದಶಕದ ಕೊನೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ತುಮಕೂರು ಕಡೆಯಿಂದ ಹಲಸೂರಿಗೆ ಬಂದ ಹೊಸತು. ನನಗೆ ತಮಿಳಿನ ಗಂಧಗಾಳಿ ಇರಲಿಲ್ಲ. ನಾಲ್ಕನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಉತ್ತರ ತಪ್ಪಿದರೆ ಅಂಗೈ ಚಾಚಿಸಿ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತಿದ್ದರು. ಸಂಜೆವರೆಗೆ ತೊಳೆಯುವಂತಿಲ್ಲ. ಬೆವರಿಗೆ ಅಳಿಸಿದರೆ ಹೊಸದೊಂದು ಬರೆದುಕೊಡುತ್ತಿದ್ದರು. ಆ ವಿಷಯದಲ್ಲಿ ಮಹಾ ಧಾರಾಳಿ. ಸೊನ್ನೆ ಬಿದ್ದ ದಿನ ನಾನು ಬುತ್ತಿ ಬಿಚ್ಚುತ್ತಲೇ ಇರಲಿಲ್ಲ.

ಸಾಲದ್ದಕ್ಕೆ ಅಪ್ಪ ಅಮ್ಮನಿಗೆ ಹೇಳಿಬಿಟ್ಟಿದ್ದರು: "ಇದಕ್ಕೆ ಓದು ಹತ್ತಲ್ಲ ಕಣೇ. ಈ ವರ್ಷ ಫೇಲಾದ್ರೆ ಸ್ಕೂಲ್ ಬಿಡ್ಸಿ ಹೊಲಿಗೆಗೆ ಹಾಕೋಣ." ಹಾಗಂತ ನನಗೆ ಮಗ್ಗಿ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಬಚ್ಚಲುಮನೆಯಲ್ಲಿ ಹತ್ತೊಂಬತ್ತರ ಮಗ್ಗಿಯನ್ನೂ ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುತ್ತಿದ್ದೆ. ಕ್ಲಾಸಿನಲ್ಲಿ ಮಾತ್ರ ಬಾಯಿಗೆ ಬೀಗ.

ವರ್ಷದ ನಡುವೆ ಮೇಷ್ಟ್ರನ್ನು ಐದನೇ ಕ್ಲಾಸಿಗೆ ಹಾಕಿ ನಮಗೆ ಹೊಸ ಟೀಚರನ್ನು ಕೊಟ್ಟರು. ಅವರ ಮನೆಮಾತು ತಮಿಳು. ಮೊದಲ ದಿನವೇ ನನ್ನನ್ನು ಎಬ್ಬಿಸಿದರು. "ಏಳೊಂಬತ್ಲಿ ಎಷ್ಟಮ್ಮಾ?"

"ಅರವತ್ಮೂರು" ಅಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

ಟೀಚರ್ ಬಗ್ಗಿ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. ಆ ಅವಸರದಲ್ಲಿ ಅವರ ನಾಲಗೆ ಮನೆಮಾತಿಗೆ ಜಾರಿತು. "ಎನ್ನ ಸೊನ್ನೆ?"

ನಮ್ಮ ಮನೆಯ ಭಜನೆಯಲ್ಲಿ 'ಎನ್ನ' ಅಂದರೆ 'ನನ್ನ'. ಸರಿ, ನನ್ನ ಸೊನ್ನೆ ಬಂದೇಬಿಟ್ಟಿತು! ಕಣ್ಣು ಮುಚ್ಚಿ ಅಂಗೈ ಚಾಚಿದೆ.

"ಕೈ ಯಾಕಮ್ಮಾ ನೀಡ್ತಾ ಇದೀಯ?"

ಪಕ್ಕದಲ್ಲಿದ್ದ ಸೆಲ್ವಿ ಬಿದ್ದು ಬಿದ್ದು ನಕ್ಕಳು. "ಟೀಚರ್, ನೀವು ಸೊನ್ನೆ ಹಾಕ್ತೀರಾ ಅಂದ್ಕೊಂಡವ್ಳೆ! ಆ ಸಾರ್ ಕೈ ಮೇಲೆ ಬರೀತಿದ್ರಲ್ಲಾ!"

ಇಡೀ ಕ್ಲಾಸು ಹೋ ಎಂದಿತು. ಟೀಚರ್ ನಗಲಿಲ್ಲ. "ಈಗ ಜೋರಾಗಿ ಹೇಳು" ಅಂದರು.

"ಅರವತ್ಮೂರು."

"ಸರಿಯಾಗೇ ಹೇಳಿದೀಯ. ಕೇಳಿಸ್ಕೊಳ್ದೇ ಇದ್ದಿದ್ದು ನಾನಲ್ವಾ?" ಸೀಮೆಸುಣ್ಣವನ್ನು ನನ್ನ ಕೈಗಿಟ್ಟು ತಮ್ಮ ಅಂಗೈ ಚಾಚಿದರು. "ಹಾಕು ನಂಗೆ ಸೊನ್ನೆ."

ಅಯ್ಯೋ ದೇವರೇ, ಟೀಚರ ಕೈ ಮೇಲೆ! ಹೇಗೋ ಬರೆದೆ. ಸೊನ್ನೆ ಸೊಟ್ಟಗಾಗಿ ಗೋಡಂಬಿಯಂತಾಯಿತು. ಅವರು ಅದನ್ನು ಸಂಜೆವರೆಗೂ ತೊಳೆಯಲಿಲ್ಲ.

ಮಧ್ಯಾಹ್ನ ನಾನೂ ಸೆಲ್ವಿಯೂ ಸ್ಟಾಫ್ ರೂಮಿನ ಕಿಟಕಿಗೆ ಅಂಟಿಕೊಂಡೆವು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಏನ್ರೀ ಅದು ಕೈ ಮೇಲೆ?"

"ಲೆಕ್ಕದ ಕ್ಲಾಸಲ್ಲಿ ಸಿಕ್ತು ಸಾರ್. ಮಗು ಹೇಳಿದ್ದು ನಂಗೆ ಕೇಳಿಸ್ಲಿಲ್ಲ."

ಮೇಷ್ಟ್ರು ಮತ್ತೆ ಆ ಕಾಫಿ ಮುಟ್ಟಲಿಲ್ಲ.

ನಾನು ಆ ವರ್ಷ ಪಾಸಾದೆ. ಹೊಲಿಗೆ ಇವತ್ತಿಗೂ ಬರುವುದಿಲ್ಲ. ಹಾಗಂತ ಲೆಕ್ಕದಲ್ಲಿ ಪಂಡಿತೆಯೇನೂ ಆಗಲಿಲ್ಲ, ಕೂಡುವಾಗ ಈಗಲೂ ಎಡವುತ್ತೇನೆ. ಆದರೆ ಆ ಟೀಚರನ್ನು ನೆನೆದರೆ ಸುತ್ತಲಿನ ಲೋಕವೇ ಮರೆತುಹೋಗುತ್ತದೆ. ಅಷ್ಟು ಪ್ರೀತಿ ನನಗೆ ಅವರ ಮೇಲೆ.

ಮೊನ್ನೆಯೂ ಹಾಗೇ ಆಯಿತು. ಬದನೆಕಾಯಿ ಎಷ್ಟು ಬೇಕೆಂದು ಹೇಳಿದ್ದು ನನಗೇ ಕೇಳಿಸದಷ್ಟು ಮೆಲ್ಲಗೆ. ತರಕಾರಿಯವನು ತಕ್ಕಡಿ ಹಿಡಿದು "ಎಷ್ಟಂದ್ರಿ ಅಮ್ಮಾ? ಏನೂ ಕೇಳಿಸ್ಲಿಲ್ಲ" ಅಂದ.

"ಒಂದೂವರೆ ಕೆ.ಜಿ.!" ಎಂದೆ, ಹೂವಿನವಳು ಜಗಳ ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿ.