ಪರದೆ ಕಾಣದೆ ಕೇಳಿದ ಪಿಟೀಲು

ನಿನ್ನೆ ಮೊಮ್ಮಗಳು ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, "ಸಿನಿಮಾ ಬೇಡ ಅಜ್ಜಿ, ಅದರ ಹಿನ್ನೆಲೆ ಸಂಗೀತ ಮಾತ್ರ ಕೇಳು" ಅಂದಳು. ಪಿಟೀಲುಗಳು ಎದ್ದವು. ನಾನು ಸೊರಬದ ನಮ್ಮ ಹಳೆಯ ಜಗಲಿಗೆ ಹೋಗಿಬಿಟ್ಟೆ.

ಆಗ ಮನೆಯ ಹಿಂದಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದರು. ಮಕ್ಕಳು ಸಿನಿಮಾ ನೋಡಬಾರದೆಂದು ಅಪ್ಪನ ಕಟ್ಟಪ್ಪಣೆ. ಹಾಗಾಗಿ ಸಂಜೆ ಹಾರ್ಮೋನಿಯಂ ಬಲ್ಲ ನನ್ನ ಸೋದರತ್ತೆಯ ಪಕ್ಕ ಕೂತು, ಡೇರೆಯಿಂದ ಬರುವ ಸದ್ದನ್ನಷ್ಟೇ ಕೇಳುತ್ತಿದ್ದೆ.

"ಚಿತ್ರ ಕಾಣ್ದೆ ಕೇಳ್ಬೇಕು ಕಣೇ. ಸಂಗೀತ ಚಲೋ ಇದ್ರೆ ಅದೇ ಎಲ್ಲ ಹೇಳ್ತದೆ" ಎನ್ನುತ್ತಿದ್ದಳು ಅತ್ತೆ.

ಒಂದು ಸಂಜೆ ಅಮ್ಮ ಪಕ್ಕದ ಮನೆಯವರ ಜೊತೆ ಸಿನಿಮಾಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಡೇರೆಯಲ್ಲಿ ಮಾತೆಲ್ಲ ನಿಂತು ಪಿಟೀಲೊಂದೇ ಉಳಿಯಿತು. ಯಾರದೋ ಉಸಿರು ಕಟ್ಟಿದಂತೆ ಅದು ಏರುತ್ತಲೇ ಹೋಯಿತು. ಒಳಗೆ ಅಮ್ಮನಿಗೇ ಏನೋ ಆಗುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಓಡಿದೆ. ಡೇರೆಯ ಬಟ್ಟೆ ಎತ್ತಿ ನುಸುಳಿ, ಹೆಂಗಸರ ನಡುವೆ ಅಮ್ಮನನ್ನು ಹುಡುಕಿ, ಅವಳ ಮಡಿಲಲ್ಲಿ ಮುಖ ಹುದುಗಿಸಿದೆ.

"ಏನಾತೇ?" ಅಂದಳು ಅಮ್ಮ.

"ನಿನ್ನ ಯಾರೋ ಕೊಲ್ತಿದಾರೆ ಅಂದ್ಕಂಡೆ."

ಕಣ್ಣು ಬಿಗಿಯಾಗಿ ಮುಚ್ಚಿದ್ದರೂ ಪಿಟೀಲು ಕೇಳುತ್ತಲೇ ಇತ್ತು. ಅಮ್ಮ ಎರಡೂ ಅಂಗೈಗಳಿಂದ ನನ್ನ ಕಿವಿ ಮುಚ್ಚಿದಳು. ಆಗ ಧೈರ್ಯ ಬಂದು ಕಣ್ಣು ಬಿಟ್ಟೆ. ಪರದೆಯ ಮೇಲೆ ಹೆಂಗಸೊಬ್ಬಳು ದೀಪ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು, ಅಷ್ಟೇ.

"ಹೇಗಿದೆ ಅಜ್ಜಿ?" ಮೊಮ್ಮಗಳು ಕೇಳಿದಳು.

ಚೆನ್ನಾಗಿದೆ ಅಂದೆ.

"ಹಾಗಾದ್ರೆ ನನ್ನ ಕೈ ಬಿಡು, ನೋಯ್ತಿದೆ" ಅಂದಳು.