ಸೀಟಿ ಮೇಷ್ಟ್ರ ಹಕ್ಕಿ ಪಾಠ

ಏ, ಯಾರ್ಯಾರಿದ್ದೀರಿ ಆ ಕಡೆ, ಕಿಟಕಿ ತೆಗೀರಿ, ಒಲೆ ಸಣ್ಣ ಮಾಡಿ ಇತ್ತ ಕಿವಿ ಕೊಡಿ. ಶಾಲೆಯ ಡ್ರಿಲ್ ಮೇಷ್ಟ್ರು ಮಕ್ಕಳಿಗೆ ಹಕ್ಕಿ ತೋರಿಸಲು ಹೊರಟ ಕಥೆ ಇದು.

ಅವರನ್ನು ಎಲ್ಲರೂ ಕರೆಯುವುದು ಸೀಟಿ ಮೇಷ್ಟ್ರು ಎಂದೇ. ಕೊರಳಲ್ಲೊಂದು ಸೀಟಿ, ಗಂಟಲಲ್ಲಿ ಇನ್ನೊಂದು. ಚಪ್ಪಲಿ ಎಲ್ಲಿ ಎಂದು ಅವರು ಮನೆಯಲ್ಲಿ ಕೇಳಿದರೆ ಹಿಂದಿನ ಬೀದಿಯವರು ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಅವರ ಮನೆಯ ಗೇಟು ಕೂಡ ಯಜಮಾನರನ್ನು ನೋಡಿಯೇ ಕಿರುಚಲು ಕಲಿತಿತ್ತು. ಇಂಥವರಿಗೆ ಹೆಡ್‌ಮೇಡಂ ಶನಿವಾರದ ಹಕ್ಕಿ ನೋಡುವ ತರಗತಿ ವಹಿಸಿದರು. "ನೀವು ಹೇಗೂ ಬಿಸಿಲಲ್ಲೇ ಇರ್ತೀರಲ್ಲ" ಎಂಬುದೊಂದೇ ಅರ್ಹತೆ. ಬೆಕ್ಕಿಗೆ ಗಂಟೆ ಕಟ್ಟಿ ಇಲಿ ಹಿಡಿಯಲು ಕಳಿಸಿದ ಹಾಗಾಯಿತು.

ಮೇಷ್ಟ್ರು ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿ, ಲೆಫ್ಟ್-ರೈಟ್ ಹಾಕಿಸುತ್ತಾ ಬೀದಿಗಿಳಿದರು. ಹಕ್ಕಿ ಕಂಡವರು ಕೈ ಎತ್ತಬೇಕು. ಮೇಷ್ಟ್ರು ಸೀಟಿ ಊದುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಕತ್ತೆತ್ತಿ ನೋಡಬೇಕು. ನೋಡಿದರು. ಖಾಲಿ ಕೊಂಬೆ, ಖಾಲಿ ತಂತಿ. ಕಾಗೆಯೊಂದು ಮಾತ್ರ ಕಸದ ತೊಟ್ಟಿ ಬಿಟ್ಟು ಕದಲಲಿಲ್ಲ. ಅದು ಎಂಥೆಂಥ ಮೇಷ್ಟ್ರುಗಳನ್ನು ಕಂಡಿತ್ತೋ.

"ಈ ಏರಿಯಾದ ಹಕ್ಕಿಗಳಿಗೆ ಶಿಸ್ತೇ ಇಲ್ಲ" ಎಂದು ಮೇಷ್ಟ್ರು ಮನೆಗೆ ಬಂದು ಗೊಣಗಿದರು.

ಅದೇ ತರಗತಿಯಲ್ಲಿದ್ದ ಮಗಳು ಶೂ ಬಿಚ್ಚುತ್ತಾ ಹೇಳಿದಳು. "ನಮ್ ಗ್ರೌಂಡಲ್ಲೇ ಗುಬ್ಬಿ ಗೂಡಿದೆ ಅಪ್ಪ. ಗೋಲ್‌ಪೋಸ್ಟಿನ ಪೈಪೊಳಗೆ."

"ದಿನಾ ಅಲ್ಲೇ ನಿಂತಿರ್ತೀನಿ, ನಂಗೆ ಕಾಣದ ಗುಬ್ಬಿ ಯಾವುದೇ ಅದು?"

"ನೀನಿದ್ರೆ ಅದು ಬರಲ್ಲ. ನೀನು ರಜಾ ಹಾಕಿದ ದಿನ ಬರುತ್ತೆ. ನಾವೆಲ್ಲ ಆವಾಗ್ಲೇ ನೋಡೋದು."

"ಪುಣ್ಯವಂತ ಗುಬ್ಬಿ" ಎಂದಿತು ಅಡಿಗೆಮನೆಯಿಂದ ಹೆಂಡತಿಯ ದನಿ. "ನಮಗೆ ಆ ಅನುಕೂಲ ಇಲ್ಲ."

ಮೇಷ್ಟ್ರ ಮುಖ ಹುಳ್ಳಗಾಯಿತು. ಹಕ್ಕಿ ಹಾರಿಹೋದರೆ ಹೋಗಲಿ, ಮಗಳೂ ತನ್ನ ಬೆನ್ನು ತಿರುಗುವುದನ್ನೇ ಕಾಯುತ್ತಾಳೆಂದರೆ?

"ನಂಗೂ ತೋರ್ಸೇ."

ಮಗಳು ಕೈ ಚಾಚಿದಳು. "ಸೀಟಿ ಕೊಡು. ತುಟಿ ಪಿಟಕ್ಕೆನ್ನಬಾರದು. ಗುಬ್ಬಿ ಹಾರಿಹೋದ್ರೆ ಇನ್ಯಾವತ್ತೂ ನಿನ್ನ ಸೇರಿಸ್ಕೊಳ್ಳಲ್ಲ."

ಮುಂದಿನ ಶನಿವಾರ ಮಕ್ಕಳೆಲ್ಲ ಮೈದಾನದಲ್ಲಿ ಜಿಮ್ ಚಾಪೆಗಳ ರಾಶಿಯ ಹಿಂದೆ ಕೂತರು. ನಡುವೆ ಮೇಷ್ಟ್ರು, ವಿಷಲ್ ತಡೆದುಕೊಂಡ ಕುಕ್ಕರಿನ ಹಾಗೆ. ಗುಬ್ಬಿಯೊಂದು ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಗೋಲ್‌ಪೋಸ್ಟಿನ ಮೇಲೆ ಇಳಿಯಿತು. ಅಷ್ಟರಲ್ಲಿ ಹೆಡ್‌ಮೇಡಂ ಇಬ್ಬರು ಪೋಷಕರನ್ನು ಕರೆದುಕೊಂಡು ಬಂದೇಬಿಟ್ಟರು.

"ಮಕ್ಕಳೇ, ಪಕ್ಷಿ ವೀಕ್ಷಣೆಗೆ ಬೇಕಾದದ್ದು ಮೌನ" ಎಂದು ಮೈದಾನದ ಆಚೆ ಬದಿಗೂ ಕೇಳುವಂತೆ ಶುರುಮಾಡಿದರು. "ಮೌನದ ಮಹತ್ವ ಏನಪ್ಪಾ ಅಂದ್ರೆ..."

ಗುಬ್ಬಿ ಹಾರಿ ಕಾಂಪೌಂಡಿನ ಮೇಲೆ ಕೂತಿತು. ಇನ್ನೊಂದು ಮಾತಾದರೆ ಅಲ್ಲಿಂದಲೂ ಹೋಗುತ್ತಿತ್ತು. ಮಗಳು ಅಪ್ಪನನ್ನೇ ನೋಡಿದಳು. ಮೇಷ್ಟ್ರ ಕೈ ತಾನಾಗಿ ಕೊರಳಿಗೆ ಹೋಯಿತು, ಸೀಟಿ ಇಲ್ಲ. ಎದ್ದು ನಿಂತು, ಹೆಡ್‌ಮೇಡಂ ಕಡೆ ತಿರುಗಿ, ತುಟಿಗೆ ಬೆರಳಿಟ್ಟು "ಶ್" ಎಂದರು.

ಮೇಡಂ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಸದ್ದಿಲ್ಲದ ಗಳಿಗೆಯಲ್ಲಿ ಗುಬ್ಬಿ ವಾಪಸ್ ಬಂತು. ಪೈಪಿನ ಬಾಯಲ್ಲಿ ಮರಿಗಳ ಹಳದಿ ಕೊಕ್ಕುಗಳು ಅಗಲವಾದವು.

ತರಗತಿ ಮುಗಿದ ಮೇಲೆ ಹೆಡ್‌ಮೇಡಂ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿದರು. "ಪೋಷಕರ ಮುಂದೆ ನನ್ನ ಬಾಯಿ ಮುಚ್ಚಿಸ್ತೀರಲ್ಲ, ಇದ್ಯಾವ ಶಿಸ್ತು ರೀ? ಮುಂದಿನ ವಾರದಿಂದ ಹಕ್ಕಿ ತರಗತಿ ಸಂಗೀತದ ಮೇಷ್ಟ್ರಿಗೆ. ಅವರು ಹಾರ್ಮೋನಿಯಂ ತಗೊಂಡು ಹೋಗ್ತಾರಂತೆ."

"ಆಯ್ತು ಮೇಡಂ" ಎಂದರು ಸೀಟಿ ಮೇಷ್ಟ್ರು.

"ಏನಂದ್ರಿ? ಕೇಳಿಸ್ಲಿಲ್ಲ" ಎಂದರು ಮೇಡಂ.

ಮನೆಯ ದಾರಿಯಲ್ಲಿ ಮಗಳು ಸೀಟಿ ವಾಪಸ್ ಕೊಡಲು ಕೈ ಚಾಚಿದಳು. "ನಾಳೆ ಬೆಳಗಾಗೋ ಮುಂಚೆ ನಾವೆಲ್ಲ ಕೆರೆ ಕಡೆ ಹೋಗ್ತಿದ್ದೀವಿ. ಲೆಫ್ಟ್-ರೈಟ್ ಇಲ್ಲ ಅಂದ್ರೆ ನೀನೂ ಬಾ."

"ಅದು ನಿನ್ ಹತ್ರಾನೇ ಇರ್ಲಿ" ಎಂದರು ಅಪ್ಪ.

ಸಂಜೆ ಅವರು ಅಡಿಗೆಮನೆಯಿಂದ ಎಣ್ಣೆ ಬಟ್ಟಲು ತಂದು, ಗೇಟಿನ ಕೀಲುಗಳಿಗೆ ಹನಿ ಹನಿಯಾಗಿ ಬಿಟ್ಟು, ಅದು ಸದ್ದಿಲ್ಲದೆ ತೆರೆದುಕೊಳ್ಳುವವರೆಗೂ ಹಿಂದೆ ಮುಂದೆ ಆಡಿಸಿದರು.